ಕ್ಷಯವೋ, ಅದರ ದಾಯಾದಿಯೋ? ಕಾಲು ಗಂಟೆಯಲ್ಲಿ ಉತ್ತರ!

ಮೈಸೂರು: ಸಂತೆಪೇಟೆಯ ಮೆಣಸಿನಕಾಯಿ ಅಂಗಡಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡೊಲ್ಲ. ಘಾಟು ಅಂತಾರೆ, ಮುಗೀತು. ಅದೇ ಕೆಮ್ಮು ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತವರಿಗೆ ಹತ್ತಿಕೊಂಡು ಹದಿನೈದು ದಿನ ಬಿಡದೆ ಹೋದರೆ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಮಾರನೇ ದಿನ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಸರ್ಕಾರ ಗೋಡೆಗಳ ಮೇಲೆ ಬರೆಸಿದೆ. ಆ ಗೋಡೆಯ ಕೆಳಗೇ ನಿಂತು ಜನ ಕೆಮ್ಮುತ್ತಾರೆ, ಉಗುಳುತ್ತಾರೆ, ನಂಜನಗೂಡು ಬಸ್ಸು ಬಂತು ಅಂತ ಓಡಿ ಹತ್ತುತ್ತಾರೆ.

ಇನ್ನು ಹೇಗೋ ಧೈರ್ಯ ಮಾಡಿ ಕಫ ಕೊಟ್ಟು ಬಂದವರ ಕಥೆ ಬೇರೆ. ರಿಪೋರ್ಟು ಕೇಳಲು ಹೋದರೆ ಕೆಲವರಿಗೆ ಕೌಂಟರಿನಿಂದ ಸಿಗುವ ಉತ್ತರ ಒಂದೇ: "ಕಲ್ಚರ್‌ಗೆ ಹೋಗಿದೆ, ಆಮೇಲೆ ಬನ್ನಿ." ಮೈಸೂರು ಸಾಂಸ್ಕೃತಿಕ ನಗರಿ ಎಂಬುದೇನೋ ನಿಜ. ಆದರೆ ಈ ಕಲ್ಚರಿಗೂ ದಸರಾ ದರ್ಬಾರಿಗೂ ಸಂಬಂಧವಿಲ್ಲ. ಕಫದಲ್ಲಿ ಅಡಗಿರುವ ರೋಗಾಣುವಿಗೆ ಊಟ ಹಾಕಿ, ಬೆಚ್ಚಗಿಟ್ಟು, ಕಣ್ಣಿಗೆ ಕಾಣುವಷ್ಟು ಬೆಳೆಸುವುದೇ ಕಲ್ಚರ್. ಬೆಳೆದ ಮೇಲೆ ಅದು ಯಾರ ಪೈಕಿ ಅಂತ ಪತ್ತೆ ಮಾಡಬೇಕು. ಹಿಂದೆ ಬೆಳೆಸೋದಕ್ಕೆ ಒಂದೆರಡು ತಿಂಗಳು, ಪತ್ತೆಗೆ ಮತ್ತಷ್ಟು ವಾರ ಹಿಡಿಯುತ್ತಿತ್ತು. ಈಗ ಆ ಪತ್ತೆ ಕೆಲಸ ಒಂದು ಬೆರಳುದ್ದದ ಕಾರ್ಡಿನ ಮೇಲೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಆಮೆಗಿಂತ ನಿಧಾನ

ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜರ್ಮನಿಯ ರಾಬರ್ಟ್ ಕಾಖ್. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತಿಗೂ ಅದೇ ದಿನ ವಿಶ್ವ ಕ್ಷಯ ದಿನ. ಮೈಸೂರಿಗೆ ಈ ರೋಗ ಹೊಸದಲ್ಲ. ಕೆ.ಆರ್.ಎಸ್. ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆಸ್ಪತ್ರೆ ಆರಂಭವಾದದ್ದು 1921ರಲ್ಲಿ. ಅರಮನೆಯ ಬಾಗಿಲನ್ನೂ ತಟ್ಟಿದ ರೋಗ ಇದು.

ಈ ರೋಗಾಣುವಿನ ದೊಡ್ಡ ಶಕ್ತಿ ಅದರ ಸೋಮಾರಿತನ. ಹೊಟ್ಟೆಯಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಒಂದು ಎರಡಾಗೋದಕ್ಕೆ 20 ನಿಮಿಷ ಸಾಕು. ಕ್ಷಯದ್ದಕ್ಕೆ ಹೆಚ್ಚುಕಮ್ಮಿ 20 ಗಂಟೆ ಬೇಕು. ಬಡ್ಡಿ ಲೆಕ್ಕ ಗೊತ್ತಿರುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗಂಟೆಗೆ ಮೂರು ಸಲ ಚಕ್ರಬಡ್ಡಿ ಬೀಳುವ ಸಾಲ ಒಂದು ಕಡೆ, ದಿನಕ್ಕೆ ಒಂದು ಸಲ ಬೀಳುವ ಸಾಲ ಇನ್ನೊಂದು ಕಡೆ. ಟೈಫಾಯಿಡ್‌ ಕಲ್ಚರ್ ಎರಡು ಮೂರು ದಿನದಲ್ಲಿ ಬಂದರೆ ಕ್ಷಯದ ಕಲ್ಚರ್ ತಿಂಗಳು ಹಿಡಿಯುವುದು ಇದಕ್ಕೇ.

ಹಾಗಾದರೆ ಸೂಕ್ಷ್ಮದರ್ಶಕದಲ್ಲಿ ನೇರ ನೋಡಿಬಿಟ್ಟರೆ ಆಗದೇ? ನೋಡುತ್ತಾರೆ. ಕಫವನ್ನು ಗಾಜಿನ ಸ್ಲೈಡಿಗೆ ಸವರಿ ಕೆಂಪು ಬಣ್ಣ ಹಾಕಿ ಕಾಯಿಸಿ, ಆಮೇಲೆ ಆಸಿಡ್ಡಿನಲ್ಲಿ ತೊಳೆಯುತ್ತಾರೆ. ಮಿಕ್ಕವುಗಳ ಬಣ್ಣ ತೊಳೆದು ಹೋಗುತ್ತದೆ. ಮೈಗೆಲ್ಲ ಮೇಣ ಮೆತ್ತಿಕೊಂಡಿರುವ ಈ ಕಿಲಾಡಿಯ ಬಣ್ಣ ಮಾತ್ರ ಬಿಡೊಲ್ಲ, ಕೆಂಪು ಕಡ್ಡಿಯ ಹಾಗೆ ಕಾಣುತ್ತೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣು ಇದ್ದರೆ ಮಾತ್ರ ಸ್ಲೈಡಿನಲ್ಲಿ ಸಿಕ್ಕಿಬೀಳುತ್ತವೆ. ಕಲ್ಚರ್ ಹಾಗಲ್ಲ. ಹತ್ತರಿಂದ ನೂರು ಇದ್ದರೂ ಬೆಳೆಸಿ ತೋರಿಸುತ್ತದೆ.

ಹಳೆಯ ಪದ್ಧತಿಯ ಕಲ್ಚರ್ ನೋಡಿದರೆ ಅಡುಗೆಮನೆ ನೆನಪಾಗುತ್ತದೆ. ಕೋಳಿಮೊಟ್ಟೆ ಒಡೆದು, ಗ್ಲಿಸರಿನ್ ಮತ್ತು ಲವಣ ಸೇರಿಸಿ, ಮಿಕ್ಕ ಬ್ಯಾಕ್ಟೀರಿಯಾ ಬೆಳೆಯದಂತೆ ಒಂದು ಹಸಿರು ಬಣ್ಣ ಹಾಕಿ, ಸಣ್ಣ ಸೀಸೆಗಳಲ್ಲಿ ಓರೆಯಾಗಿ ಮಲಗಿಸಿ ಹಬೆಯ ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಲೋವೆನ್‌ಸ್ಟೀನ್-ಜೆನ್ಸನ್ ಮಾಧ್ಯಮ ಅಂತ ಇದರ ಹೆಸರು. ಲ್ಯಾಬಿನವರ ಬಾಯಲ್ಲಿ ಬರೀ "ಎಲ್.ಜೆ." ಅದರ ಮೇಲೆ ಶುದ್ಧ ಮಾಡಿದ ಕಫ ಹಾಕಿ ಮೈಬಿಸಿಯಷ್ಟು ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಇಟ್ಟು ಕಾಯಬೇಕು. ಮೂರು ವಾರದಿಂದ ಎಂಟು ವಾರ. ಆಗ ಹಸಿರು ಮೈಮೇಲೆ ರವೆ ಚೆಲ್ಲಿದ ಹಾಗೆ ಒಣಒಣ ಉಂಡೆಗಳು ಏಳುತ್ತವೆ.

ಎಂಟು ವಾರದಲ್ಲಿ ಗೌರಿ ಹಬ್ಬ ಹೋಗಿ ದೀಪಾವಳಿ ಹತ್ತಿರ ಬಂದಿರುತ್ತದೆ. ಅಷ್ಟು ದಿನ ರೋಗಿ ಅದೇ ಮನೆಯಲ್ಲಿ ಮಲಗುತ್ತಾನೆ, ಅದೇ ಬಸ್ಸಿನಲ್ಲಿ ಓಡಾಡುತ್ತಾನೆ.

ಈ ಕಾಯುವಿಕೆ ಅರ್ಧಕ್ಕೆ ಇಳಿದದ್ದು ದ್ರವ ಮಾಧ್ಯಮ ಬಂದ ಮೇಲೆ. ಗಟ್ಟಿ ಮೊಟ್ಟೆಯ ಬದಲು ಪೋಷಕ ಸಾರು ತುಂಬಿದ ಪುಟ್ಟ ಟ್ಯೂಬು. ಅದರ ತಳದಲ್ಲಿ ಒಂದು ವಿಶೇಷ ರಾಸಾಯನಿಕ ಕೂರಿಸಿರುತ್ತಾರೆ. ಸಾರಿನಲ್ಲಿ ಆಮ್ಲಜನಕ ಇರುವ ತನಕ ಅದು ಮಂಕಾಗಿರುತ್ತದೆ. ರೋಗಾಣು ಬೆಳೆದು ಆಮ್ಲಜನಕ ತಿಂದು ಮುಗಿಸಿದರೆ, ನೇರಳಾತೀತ ಬೆಳಕಿನಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆಯಲು ಶುರು. ಗಂಟೆಗೊಮ್ಮೆ ಯಂತ್ರವೇ ಟ್ಯೂಬುಗಳನ್ನು ಪರೀಕ್ಷಿಸಿ, ಹೊಳೆದದ್ದನ್ನು ಕೂಗಿ ಹೇಳುತ್ತದೆ. ದೊಡ್ಡ ಯಂತ್ರವೊಂದರಲ್ಲಿ 960 ಟ್ಯೂಬು ಹಿಡಿಸುತ್ತವೆ. ಬಹಳಷ್ಟು ಟ್ಯೂಬುಗಳು ಎರಡು ವಾರದ ಆಸುಪಾಸಿನಲ್ಲೇ ಹೊಳೆಯುತ್ತವೆ. 42 ದಿನ ಕಾದರೂ ಹೊಳೆಯದಿದ್ದರೆ ಬೆಳೆ ಇಲ್ಲ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ.

ಬೆಳೆದದ್ದೆಲ್ಲ ಕ್ಷಯವಲ್ಲ

ಟ್ಯೂಬು ಹೊಳೆಯಿತು ಎಂದ ಮಾತ್ರಕ್ಕೆ ಕ್ಷಯ ಎಂದು ಬರೆಯುವ ಹಾಗಿಲ್ಲ. ಮುಖ್ಯ ತೊಡಕು ಇಲ್ಲೇ ಇರೋದು.

ಕಫ ಗಂಗಾಜಲವಲ್ಲ. ಬಾಯಿಯ, ಗಂಟಲಿನ ನೂರೆಂಟು ಬ್ಯಾಕ್ಟೀರಿಯಾ ಅದರ ಜೊತೆ ಬಂದಿರುತ್ತವೆ. ಮೊದಲೇ ಕ್ಷಾರದಲ್ಲಿ ಕಲಸಿ ಅವನ್ನೆಲ್ಲ ಕೊಲ್ಲುತ್ತಾರಾದರೂ ಕೆಲವು ಬದುಕಿ ಉಳಿದು ಟ್ಯೂಬನ್ನು ಕೆಡಿಸುತ್ತವೆ. ಇವನ್ನು ಪತ್ತೆ ಮಾಡುವುದು ಸುಲಭ. ಕಷ್ಟ ಇರುವುದು ಕ್ಷಯದ ದಾಯಾದಿಗಳಲ್ಲಿ. ಒಂದೇ ವಂಶ, ಮೈಗೆ ಅದೇ ಮೇಣದ ಅಂಗಿ, ಸ್ಲೈಡಿನಲ್ಲಿ ಅದೇ ಕೆಂಪು ಕಡ್ಡಿ. ವಾಸ ಮಾತ್ರ ಬೇರೆ. ಇವು ಮಣ್ಣಿನಲ್ಲಿರುತ್ತವೆ, ಕೆರೆಯಲ್ಲಿರುತ್ತವೆ, ನಲ್ಲಿ ನೀರಿನಲ್ಲೂ ಇರುತ್ತವೆ. ಕೆಲವೊಮ್ಮೆ ಸುಮ್ಮನೆ ಬಾಯಿಗೆ ಬಂದು ಹೋಗುವ ಅತಿಥಿಗಳು. ಕೆಲವೊಮ್ಮೆ ಶ್ವಾಸಕೋಶದಲ್ಲೇ ಬೀಡುಬಿಟ್ಟು ಕ್ಷಯದಂಥದೇ ಕಾಯಿಲೆ ತರುತ್ತವೆ.

ವ್ಯತ್ಯಾಸ ಯಾಕೆ ಮುಖ್ಯ ಅಂದರೆ ಔಷಧ ಒಂದೇ ಅಲ್ಲ. ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರ ನಾಲ್ಕು ತಿಂಗಳು ಮೂರು ಔಷಧ. ದಾಯಾದಿಗಳಲ್ಲಿ ಹಲವು ಈ ಮಾತ್ರೆಗಳಿಗೆ ಕ್ಯಾರೇ ಅನ್ನುವುದಿಲ್ಲ. ಹೆಸರು ಗೊತ್ತಿಲ್ಲದೆ ಮಾತ್ರೆ ನುಂಗಿಸಿದರೆ ರೋಗಿಯ ಪಿತ್ತಜನಕಾಂಗಕ್ಕೆ ಪೆಟ್ಟು, ಕಾಯಿಲೆ ಇದ್ದಲ್ಲೇ ಇರುತ್ತದೆ. ಆರು ತಿಂಗಳಾದ ಮೇಲೂ ಸ್ಲೈಡಿನಲ್ಲಿ ಕೆಂಪು ಕಡ್ಡಿ ಕಂಡರೆ, "ಇದು ಔಷಧಕ್ಕೆ ಬಗ್ಗದ ಕ್ಷಯ" ಎಂದು ಹಣೆಪಟ್ಟಿ ಬೀಳುವ ಅಪಾಯವೂ ಇದೆ. ಆಗ ಇನ್ನೂ ಕಠಿಣ ಮಾತ್ರೆ. ತಪ್ಪು ಮನೆಗೆ ಜಪ್ತಿ ವಾರೆಂಟ್ ಹೋದ ಹಾಗೆ!

ಉಲ್ಟಾ ಆದರೂ ಅನಾಹುತವೇ. ದಾಯಾದಿಗಳು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕ್ಷಯ ಗಾಳಿಯಲ್ಲಿ ಹರಡುತ್ತದೆ. ನಿಜವಾದ ಕ್ಷಯವನ್ನು ದಾಯಾದಿ ಎಂದು ಬಿಟ್ಟುಬಿಟ್ಟರೆ ಮನೆಯ ಮಗು, ಅಂಗಡಿಯ ಹುಡುಗ, ಪಕ್ಕದ ಸೀಟಿನವರು ಎಲ್ಲರೂ ಬಲೆಗೆ.

ಮೊದಲೆಲ್ಲ ಇದನ್ನು ಪತ್ತೆ ಹಚ್ಚುವ ಬಗೆ ಕೇಳಿದರೆ ಲ್ಯಾಬಿನವರ ತಾಳ್ಮೆಗೆ ಕೈಮುಗಿಯಬೇಕು. ಉಂಡೆಗಳು ಯಾವ ಶಾಖದಲ್ಲಿ ಬೆಳೆಯುತ್ತವೆ, ಬಣ್ಣ ಕಟ್ಟುತ್ತವೆಯೇ, ಇಂಥ ರಾಸಾಯನಿಕ ಹಾಕಿದ ಸೀಸೆಯಲ್ಲಿ ಬೆಳೆಯುತ್ತವೆಯೇ, ನಿಯಾಸಿನ್ ಎಂಬ ಜೀವಸತ್ವ ಕೂಡಿಡುತ್ತವೆಯೇ ಎಂದು ಒಂದೊಂದಾಗಿ ನೋಡಬೇಕು. ನಿಯಾಸಿನ್ ಪರೀಕ್ಷೆಗೆ ಬಳಸುತ್ತಿದ್ದ ಸಯನೋಜೆನ್ ಬ್ರೋಮೈಡ್ ಕಡು ವಿಷ. ಒಂದು ಕಡೆ ಕ್ಷಯದ ಟ್ಯೂಬು, ಇನ್ನೊಂದು ಕಡೆ ವಿಷದ ಬಾಟಲಿ, ನಡುವೆ ಸಂಬಳಕ್ಕೆ ದುಡಿಯುವ ಟೆಕ್ನಿಷಿಯನ್.

ಎರಡು ಗೆರೆ

ಈಗಿನ ಕಾರ್ಡು ನೋಡಲು ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭ ಪರೀಕ್ಷೆಯ ಕಾರ್ಡಿನ ಹಾಗೇ ಇದೆ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮೂಗಿಗೆ ಕಡ್ಡಿ ಹಾಕಿಕೊಂಡವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕಾರ್ಡಿನ ಗುಳಿಗೆ ಹೊಳೆದ ಟ್ಯೂಬಿನ ಸಾರನ್ನು ಎರಡು ಮೂರು ಹನಿ ಬಿಡಬೇಕು. ಸಾರು ಕಾಗದದಲ್ಲಿ ಹೀರಿಕೊಂಡು ಮುಂದೆ ಸಾಗುತ್ತದೆ. 15 ನಿಮಿಷಕ್ಕೆ ನೋಡಿದರೆ ಒಂದು ಗೆರೆಯೋ, ಎರಡು ಗೆರೆಯೋ ಕಾಣುತ್ತದೆ. ಎರಡು ಬಂದರೆ ಕ್ಷಯ. ಒಂದೇ ಬಂದರೆ ಕ್ಷಯ ಅಲ್ಲದಿರಬಹುದು, ಇನ್ನಷ್ಟು ನೋಡಬೇಕು. ಗೆರೆಯೇ ಮೂಡದಿದ್ದರೆ ಕಾರ್ಡು ಕೆಟ್ಟಿದೆ, ಹೊಸದು ತೆಗೆಯಬೇಕು.

ಮರ್ಮ ಇಷ್ಟೇ. ಕ್ಷಯದ ರೋಗಾಣು ಬೆಳೆಯುವಾಗ ತನ್ನ ಮೈಯಿಂದ ಒಂದು ಪ್ರೋಟೀನನ್ನು ಸಾರಿಗೆ ಬಿಡುತ್ತದೆ. ಅದರ ಹೆಸರು ಎಂ.ಪಿ.ಟಿ.64. ದಾಯಾದಿಗಳು ಇದನ್ನು ಬಿಡುವುದಿಲ್ಲ. ಕಾರ್ಡಿನ ಕಾಗದದಲ್ಲಿ ಈ ಪ್ರೋಟೀನನ್ನಷ್ಟೇ ಹಿಡಿಯುವ ಪ್ರತಿಕಾಯಗಳನ್ನು ಕೂರಿಸಿರುತ್ತಾರೆ. ಪ್ರೋಟೀನು ಬಂದು ಸಿಕ್ಕಿಕೊಂಡರೆ ಗೆರೆ ಬಣ್ಣ ಕಟ್ಟುತ್ತದೆ. ವಿಜ್ಞಾನಿಗಳು 1980ರ ದಶಕದಲ್ಲಿ ಬಿ.ಸಿ.ಜಿ. ಲಸಿಕೆಯ ಬ್ಯಾಕ್ಟೀರಿಯಾದಲ್ಲಿ ಈ ಜಾತಿಯ ಪ್ರೋಟೀನುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದರು. ಅಂದಹಾಗೆ ಈ 64ಕ್ಕೂ ಅರವತ್ತನಾಲ್ಕು ವಿದ್ಯೆಗೂ ಏನೂ ನೆಂಟಸ್ತಿಕೆ ಇಲ್ಲ.

ದ್ರವ ಮಾಧ್ಯಮದ ಜೊತೆಗೆ ಇಂಥ ಶೀಘ್ರ ಗುರುತಿನ ವಿಧಾನವೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಶಿಫಾರಸು ಮಾಡಿತು. ಬೆಳೆ ಬೇಗ ಬಂದು, ಹೆಸರು ಪತ್ತೆಯಾಗೋದಕ್ಕೆ ಮತ್ತೆ ತಿಂಗಳು ಕಾದರೆ ಏನು ಬಂತು ಭಾಗ್ಯ? ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಇಳಿದ ಮೇಲೆ ಎತ್ತಿನಗಾಡಿ ಹಿಡಿದ ಹಾಗೆ.

ಕಾರ್ಡು ಅಗ್ಗ, ಹಗುರ, ಕರೆಂಟು ಬೇಡ. ಆದರೆ ಇದನ್ನು ಮನೆಗೆ ತಂದು ಕಫ ಹಾಕಿ ನೋಡೋಣ ಅನ್ನುವವರಿಗೆ ಒಂದು ಮಾತು: ಇದು ಕಫಕ್ಕೆ ಹೇಳಿದ್ದಲ್ಲ, ಬೆಳೆದ ಕಲ್ಚರಿಗೆ ಹೇಳಿದ್ದು. ಬೆಳೆದ ಟ್ಯೂಬಿನ ಮುಚ್ಚಳ ತೆಗೆಯುವುದು ಹಾವಿನ ಬುಟ್ಟಿ ತೆಗೆದಂತೆ. ಅದಕ್ಕೇ ಒಳಗಿನ ಗಾಳಿ ಹೊರಗೆ ನುಗ್ಗದಂತೆ ಒತ್ತಡ ಇಳಿಸಿದ ಕೋಣೆ, ಗಾಜಿನ ಕಪಾಟು, ಮುಖಕ್ಕೆ ವಿಶೇಷ ಮಾಸ್ಕು. ಇಂಥ ಲ್ಯಾಬು ಊರೂರಿಗೆ ಇಲ್ಲ. ರಾಜ್ಯ ಮಟ್ಟದ ಲ್ಯಾಬು ಬೆಂಗಳೂರಿನ ಲೇಡಿ ವಿಲ್ಲಿಂಗ್ಡನ್ ರಾಜ್ಯ ಕ್ಷಯ ಕೇಂದ್ರದಲ್ಲಿದೆ. ಅದರ ಮೇಲೆ, ರಾಷ್ಟ್ರಮಟ್ಟದಲ್ಲಿ, ಬೆಂಗಳೂರಿನದೇ ರಾಷ್ಟ್ರೀಯ ಕ್ಷಯ ಸಂಸ್ಥೆ. 1959ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದ್ದರು.

ಗೆರೆ ಹೇಳದ ಮಾತು

ಎರಡು ಗೆರೆ ಕಂಡ ತಕ್ಷಣ ಎಲ್ಲಾ ತಿಳಿದುಬಿಟ್ಟಿತು ಅನ್ನುವಂತಿಲ್ಲ. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದನ್ನು ಕಾರ್ಡು ಹೇಳದು. ಅದಕ್ಕೆ ಬೇರೆ ಪರೀಕ್ಷೆ. ಮನುಷ್ಯರ ಕ್ಷಯವೋ ದನದ ಕ್ಷಯವೋ ಎಂದೂ ಅದು ಬಿಡಿಸಿ ಹೇಳುವುದಿಲ್ಲ. ಎರಡಕ್ಕೂ ಗೆರೆ ಮೂಡುತ್ತದೆ. ಇನ್ನೂ ಒಂದು ಚೇಷ್ಟೆ ಇದೆ. ಕ್ಷಯದ ಕೆಲವೇ ಕೆಲವು ತಳಿಗಳಲ್ಲಿ ಆ ಪ್ರೋಟೀನಿನ ಜೀನೇ ಕೆಟ್ಟಿರುತ್ತದೆ. ರೋಗಾಣು ಕ್ಷಯದ್ದೇ, ಆದರೂ ಎರಡನೇ ಗೆರೆ ಬರುವುದಿಲ್ಲ. ಆದ್ದರಿಂದ ಗೆರೆ ಬಾರದ ಟ್ಯೂಬನ್ನು ಜಾಣ ಟೆಕ್ನಿಷಿಯನ್ ಹಾಗೇ ಬಿಸಾಡುವುದಿಲ್ಲ. ಸ್ಲೈಡು ಮಾಡಿ ನೋಡುತ್ತಾನೆ, ಜೀನ್ ಪರೀಕ್ಷೆಗೆ ಕಳಿಸುತ್ತಾನೆ.

ಈಗ ಕೆಲವರು ಕೇಳಬಹುದು: ಜೀನ್ ನೋಡುವ ಯಂತ್ರಗಳೇ ಬಂದಿವೆಯಲ್ಲ, ಈ ಮೊಟ್ಟೆ, ಸಾರು, ಕಾರ್ಡು ಎಲ್ಲಾ ಇನ್ನೂ ಯಾಕೆ? ನ್ಯಾಯವಾದ ಪ್ರಶ್ನೆ. ಸಿಬಿನಾಟ್ ಎಂದು ಆಸ್ಪತ್ರೆಯವರು ಕರೆಯುವ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 2010ರ ಡಿಸೆಂಬರಿನಲ್ಲಿ. ಎರಡು ಗಂಟೆಯೊಳಗೆ ಕಫದಲ್ಲೇ ನೇರವಾಗಿ ಕ್ಷಯವನ್ನೂ, ರಿಫಾಂಪಿಸಿನ್ ಎಂಬ ಮುಖ್ಯ ಔಷಧ ನಡೆಯುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಗೋವಾದ ಕಂಪನಿ ತಯಾರಿಸಿದ ಟ್ರೂನಾಟ್ ಎಂಬ ಸ್ವದೇಶಿ ಯಂತ್ರ ಬ್ಯಾಟರಿಯಲ್ಲೂ ಓಡುತ್ತದೆ. ಹೊಸ ರೋಗಿಗೆ ಮೊದಲು ಇವುಗಳಲ್ಲೇ ಪರೀಕ್ಷೆ ಮಾಡಬೇಕೆಂಬುದು ಸರ್ಕಾರಿ ಕಾರ್ಯಕ್ರಮದ ಧೋರಣೆ.

ಆದರೆ ಯಂತ್ರ ಜೀನನ್ನು ಮಾತ್ರ ನೋಡುತ್ತದೆ. ಸತ್ತ ರೋಗಾಣುವಿನ ಜೀನೂ ಜೀನೇ. ನಾಲ್ಕು ತಿಂಗಳು ಮಾತ್ರೆ ನುಂಗಿದವನ ಕಫದಲ್ಲಿ ಯಂತ್ರ "ಇದೆ" ಎಂದರೆ, ಇರುವುದು ಜೀವಂತ ಹುಲಿಯೋ, ಹುಲಿಯ ಚರ್ಮವೋ? ಬೆಳೆಸಿ ನೋಡಿದರೆ ಮಾತ್ರ ಗೊತ್ತಾಗೋದು. ಮೊದಲ ಸಾಲಿನ ಮಾತ್ರೆ ಫಲಿಸದವರಿಗೆ ಮುಂದಿನ ಔಷಧಗಳಲ್ಲಿ ಯಾವುದು ನಡೆಯುತ್ತದೆ ಎಂದು ನೋಡಲೂ ಹಲವು ಸಲ ಜೀವಂತ ಬೆಳೆಯೇ ಬೇಕು. ಕಲ್ಚರಿನ ಕೆಲಸ ಅದಕ್ಕೇ ಇನ್ನೂ ನಿಂತಿಲ್ಲ.

ದಿನ ಕಳೆಯೋದು ಎಲ್ಲಿ?

ಲ್ಯಾಬಿನಲ್ಲಿ ವಾರಗಳು ನಿಮಿಷಗಳಾದವು. ಪೇಟೆಯಲ್ಲಿ ಏನಾಗಿದೆ ನೋಡಿ.

"ಅಣ್ಣಾ, ಕೆಮ್ಮಿಗೆ ಏನಾದ್ರೂ ಸ್ಟ್ರಾಂಗಾಗಿ ಕೊಡಿ."

"ಎಷ್ಟು ದಿನದಿಂದ ಸ್ವಾಮಿ?"

"ಅಯ್ಯೋ, ಸಂಕ್ರಾಂತಿಯಿಂದ!"

ಮೆಡಿಕಲ್ ಶಾಪುಗಳ ಮುಂದೆ ಈ ಮಾತುಕತೆ ಕೇಳದವರು ಯಾರು? ಒಂದು ಬಾಟಲಿ ಸಿರಪ್ಪು, ಐದು ಮಾತ್ರೆ, ನೂರೈವತ್ತು ರೂಪಾಯಿ. ಆ ಮಾತ್ರೆ ಲೀವೋಫ್ಲಾಕ್ಸಸಿನ್ ಜಾತಿಯದಾದರೆ ಇನ್ನೂ ಅನಾಹುತ. ಅದು ಕ್ಷಯದ ರೋಗಾಣುವಿಗೂ ಒಂದೇಟು ಕೊಡುತ್ತದೆ, ಕೊಲ್ಲುವುದಿಲ್ಲ. ನಾಲ್ಕು ದಿನ ಕೆಮ್ಮು ತಗ್ಗುತ್ತದೆ. ರೋಗಿ ಖುಷಿ, ಅಂಗಡಿಯವರಿಗೆ ಹೆಸರು. ತಿಂಗಳು ಬಿಟ್ಟು ಕೆಮ್ಮು ರಕ್ತ ಹೊತ್ತು ತರುತ್ತದೆ. ಕ್ಷಯದ ಔಷಧಗಳನ್ನು 2014ರಿಂದ ಎಚ್-1 ಎಂಬ ಪಟ್ಟಿಯಲ್ಲಿಟ್ಟಿದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಕೊಂಡವರ ಹೆಸರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳುವ ಗಿರಾಕಿಗಳಿಗೆ ಇದು ತಿಳಿದಿರಲಿ.

ಇನ್ನು ರಕ್ತ ತೆಗೆದು "ಟಿ.ಬಿ. ಇದೆಯೋ ಇಲ್ಲವೋ ಸಂಜೆಯೊಳಗೆ ಹೇಳ್ತೀವಿ" ಎನ್ನುವ ಕಾರ್ಡು ಪರೀಕ್ಷೆಗಳು ಒಂದು ಕಾಲಕ್ಕೆ ದೇಶದಲ್ಲೆಲ್ಲ ಧಾರಾಳವಾಗಿ ನಡೆದವು. ಅವು ನಂಬುವಂಥವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. 2012ರಲ್ಲಿ ಭಾರತ ಸರ್ಕಾರ ನಿಷೇಧಿಸಿತು. ಮೇಲೆ ಹೇಳಿದ ಎರಡು ಗೆರೆಯ ಕಾರ್ಡಿಗೂ ಇದಕ್ಕೂ ತಾಳೆ ಹಾಕಬಾರದು. ಅದು ಬೆಳೆದ ರೋಗಾಣುವಿನ ಸಾರನ್ನು ನೋಡುವಂಥದು, ರಕ್ತವನ್ನಲ್ಲ. ಶ್ವಾಸಕೋಶದ ಕ್ಷಯ ಪತ್ತೆಗೆ ಇವತ್ತಿಗೂ ಕಫವೇ ಗತಿ.

ಆ ಕಫ ಕೊಡುವುದರಲ್ಲೂ ದಿನಗಳು ಹಾಳಾಗುತ್ತವೆ. ಡಬ್ಬಿ ಕೈಗೆ ಕೊಟ್ಟರೆ ಎಷ್ಟೋ ಮಂದಿ ನಾಚಿಕೆಯಿಂದ ಎಂಜಲು ಉಗುಳಿ ಕೊಟ್ಟು ಬರುತ್ತಾರೆ. ಎಂಜಲಿನಲ್ಲಿ ರೋಗಾಣು ಎಲ್ಲಿಂದ ಬರಬೇಕು? ರಿಪೋರ್ಟಿನಲ್ಲಿ "ಇಲ್ಲ" ಎಂದು ಬರುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಮೂರು ತಿಂಗಳು ಕೆಮ್ಮುತ್ತಾರೆ. ಕಾಲು ಗಂಟೆಯ ಕಾರ್ಡು ಇದಕ್ಕೇನು ಮಾಡೀತು?

ಇನ್ನು ಮರ್ಯಾದೆಯ ಪ್ರಶ್ನೆ. ಅಂಗಡಿ ಇಟ್ಟವರಿಗೆ ಭಯ: ಗೊತ್ತಾದರೆ ವ್ಯಾಪಾರ ನಿಂತುಹೋಗುತ್ತೆ. ಹೆಣ್ಣು ಮಕ್ಕಳ ಮನೆಯವರಿಗೆ ಬೇರೆ ಭಯ. ಆದರೆ ಲೆಕ್ಕ ಹಾಕಿ ನೋಡಿ. ಕ್ಷಯ ನೋಟು ಚಿಲ್ಲರೆಯಿಂದ ಹರಡುವುದಿಲ್ಲ, ತಟ್ಟೆ ಲೋಟದಿಂದ ಹರಡುವುದಿಲ್ಲ. ಮುಚ್ಚಿದ ಜಾಗದಲ್ಲಿ ಗಂಟೆಗಟ್ಟಲೆ ಒಂದೇ ಗಾಳಿ ಉಸಿರಾಡಿದರೆ ಹರಡುತ್ತದೆ. ಸರಿಯಾದ ಔಷಧ ಶುರುವಾದರೆ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಬಹಳ ತಗ್ಗುತ್ತದೆ. ಅಂದರೆ ಗುಟ್ಟಾಗಿ ಕೆಮ್ಮುವ ಅಂಗಡಿಯವರಿಗಿಂತ ಮಾತ್ರೆ ನುಂಗುತ್ತಿರುವವರ ಅಂಗಡಿಯೇ ಗಿರಾಕಿಗೆ ಕ್ಷೇಮ. 2023ರಲ್ಲಿ ಪ್ರಪಂಚದಲ್ಲಿ 1 ಕೋಟಿ 8 ಲಕ್ಷ ಜನರಿಗೆ ಕ್ಷಯ ತಗುಲಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಮಂದಿ ನಮ್ಮ ದೇಶದವರೇ. ಇಷ್ಟು ಮಂದಿಯ ನಡುವೆ ನಾಚಿಕೆಪಡುವುದಕ್ಕೆ ಏನಿದೆ?

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೂ ಕ್ಷಯದ ಮಾತ್ರೆಗೂ ಕಾಸು ಕೊಡಬೇಕಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಕೊಡುವುದು 2018ರಲ್ಲಿ ಶುರುವಾಯಿತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದ್ದಾರೆ. ವಿಚಾರಿಸಲು 1800-11-6666ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಕಫ ಕೊಡುವವರು ಬೆಳಗ್ಗೆ ಎದ್ದ ಕೂಡಲೇ, ತಿಂಡಿಗೆ ಮೊದಲು, ಬಾಯನ್ನು ಬರೀ ನೀರಿನಲ್ಲಿ ಮುಕ್ಕಳಿಸಿ, ಬಯಲಿಗೆ ಬಂದು ನಿಲ್ಲಬೇಕು. ಮನೆಯೊಳಗೆ ಬೇಡ. ಎರಡು ಮೂರು ಸಲ ಉಸಿರನ್ನು ಆಳವಾಗಿ ಎಳೆದು, ಎದೆಯಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಡಬ್ಬಿಗೆ ಹಾಕಬೇಕು. ಒಂದು ಟೀ ಚಮಚದಷ್ಟು ಇದ್ದರೆ ಸಾಕು. ಮುಚ್ಚಳ ಬಿಗಿಯಾಗಿ ತಿರುಗಿಸಿ ಬೇಗ ತಲುಪಿಸಬೇಕು, ಬಿಸಿಲಲ್ಲಿ ಇಟ್ಟುಕೊಂಡು ಪೇಟೆ ಸುತ್ತಬಾರದು. ಹೆಸರನ್ನು ಮುಚ್ಚಳದ ಮೇಲೆ ಬರೆಯಲು ಬಿಡಬೇಡಿ, ಡಬ್ಬಿಯ ಮೈಮೇಲೇ ಬರೆಸಿ. ಲ್ಯಾಬಿನ ಮೇಜಿನ ಮೇಲೆ ಹತ್ತು ಡಬ್ಬಿ ಒಟ್ಟಿಗೆ ತೆರೆದಾಗ ಮುಚ್ಚಳ ಅದಲುಬದಲಾದರೆ ಯಾರ ಕ್ಷಯ ಯಾರ ಹೆಸರಿಗೋ ಹೋಗಿಬಿಡುತ್ತದೆ.